ಅಪ್ಪನ ರೈಫಲ್ ಯಾರ ಕೈಗೆ ಕೊಡಲಿ?

ಪ್ರಶ್ನೆ: ಸರ್, ನಾನು ಹೆಬ್ರಿ ಹತ್ತಿರದ ಅಡಿಕೆ ಕೃಷಿಕ. ಅಪ್ಪನದ್ದೊಂದು ಇಶಾಪುರ ಕಾರ್ಖಾನೆಯ .315 ರೈಫಲ್ ಉಂಟು. ಅವರು ತೀರಿಹೋದ ಮೇಲೆ ಲೈಸನ್ಸ್ ನನ್ನ ಹೆಸರಿಗೆ ಆಗುವಷ್ಟರಲ್ಲಿ ಎರಡು ಮಳೆಗಾಲ ಕಳೆಯಿತು, ಅಲ್ಲಿಯವರೆಗೆ ಅದು ಠೇವಣಿಯಲ್ಲೇ ಇತ್ತು. ಡಿಸೆಂಬರ್‌ನಲ್ಲಿ ಮನೆಗೆ ತಂದೆ. ಮಾರ್ಚ್‌ನಲ್ಲಿ ರೇಂಜಿಗೆ ಒಯ್ದು 50 ಮೀಟರ್‌ನಿಂದ ಹೊಡೆದಾಗ ಐದು ಗುಂಡು ಒಂದು ಅಂಗೈಯಷ್ಟು ಜಾಗದಲ್ಲಿ ಬಿದ್ದವು. ಆಗಸ್ಟ್‌ನಲ್ಲಿ ಅದೇ ರೈಫಲ್, ಅದೇ ಪೆಟ್ಟಿಗೆಯ ತೋಟೆ, ಆದರೆ ಗುಂಡೆಲ್ಲ ಒಂದು ಗೇಣು ಬಲಕ್ಕೆ ಹೋಗಿ ಚೆಲ್ಲಾಪಿಲ್ಲಿ. ತೋಟೆಯ ಹಿಂದೆ ಮುಚ್ಚುವ ಬೋಲ್ಟ್ ಬಿಗಿ, ಟ್ರಿಗರ್ ಎಳೆಯುವುದು ಭಾರ. ಹಿಂಬದಿಯ ಮರ ಕಬ್ಬಿಣಕ್ಕೆ ಸೇರುವಲ್ಲಿ ಕೂದಲೆಳೆಯ ಬಿರುಕು. ಹೇಗೂ ರಿಪೇರಿ ಆಗಬೇಕು, ಹಾಗಾದರೆ ಪೂರ್ತಿ ನನಗೆ ಬೇಕಾದ ಹಾಗೆ ಮಾಡಿಸುವ ಎಂದು ಆಸೆ. ಅಟ್ಟದಲ್ಲಿರುವ ಬೀಟೆ ಹಲಗೆಯಿಂದ ಹೊಸ ಮರ, ಹಗುರ ಟ್ರಿಗರ್, ದುರ್ಬೀನು, ನಳಿಗೆ ನಾಲ್ಕು ಇಂಚು ಗಿಡ್ಡ. ಕಾರ್ಕಳದಲ್ಲಿ ನೆಂಟರೊಬ್ಬರ ಲೇತ್ ಉಂಟು, 6,000 ರೂಪಾಯಿಗೆ ಎಲ್ಲ ಮಾಡಿಕೊಡುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಕೊಡಗಿಗೆ ಕಳಿಸಿ ಎನ್ನುತ್ತಾರೆ. ನಿಜವಾಗಿ ಕೆಲಸ ಗೊತ್ತಿರುವವರನ್ನು ಹುಡುಕುವುದು ಹೇಗೆ? ಅಪ್ಪನ ವಸ್ತು, ಹಾಳಾಗಬಾರದು.

ಉತ್ತರ: ಮೊದಲ ಮಾತು ಇದು: ಬೋಲ್ಟ್ ಬಿಗಿಯಾಗಿರುವ ರೈಫಲ್‌ನಿಂದ ಇನ್ನು ಒಂದು ಈಡೂ ಹೊಡೆಯಬೇಡಿ. ಗೊತ್ತಿದ್ದವರು ನೋಡುವ ತನಕ ಅದು ಬೀರುವಿನಲ್ಲೇ ಇರಲಿ. ಉಳಿದದ್ದನ್ನು ನಿಧಾನಕ್ಕೆ ನೋಡುವ.

ನಾನು ಸೇನೆಯ ಯಂತ್ರೋಪಕರಣ ರಿಪೇರಿಯ ಇಎಂಇ ದಳದಲ್ಲಿ ಆರ್ಮರರ್, ಅಂದರೆ ಕೋವಿ ರಿಪೇರಿ ಮಾಡುವವನು, ಆಗಿದ್ದೆ. ನಿವೃತ್ತಿಯ ಮೇಲೆ ಮಂಗಳೂರಿನಲ್ಲಿ ಲೈಸನ್ಸ್ ಇರುವ ಅಂಗಡಿಯೊಂದರ ರಿಪೇರಿ ಮೇಜಿನಲ್ಲಿ ಹನ್ನೊಂದು ವರ್ಷ ಕೂತಿದ್ದೇನೆ. ಈಗ ಕಣ್ಣು ಮೊದಲಿನ ಹಾಗಿಲ್ಲ, ಅರ ಹಿಡಿಯುವುದು ಬಿಟ್ಟಿದ್ದೇನೆ. ಆ ಮೇಜಿಗೆ ಬಂದ ರೈಫಲ್‌ಗಳಲ್ಲಿ ಬಹುಪಾಲು ನಿಮ್ಮದರ ಹಾಗೆಯೇ: ಅಪ್ಪನದ್ದೋ ಅಜ್ಜನದ್ದೋ, ಎರಡು ಮೂರು ಮಳೆಗಾಲ ಎಲ್ಲೋ ಮೂಲೆಯಲ್ಲಿ ನಿಂತದ್ದು, ಜೊತೆಗೆ ಮಗನ ಕೈಯಲ್ಲಿ ಆಸೆಗಳ ಒಂದು ಪಟ್ಟಿ. ಆಸೆ ತಪ್ಪಲ್ಲ. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳು ಸೇರಿಹೋಗಿವೆ. ರೈಫಲ್‌ಗೆ ಏನೋ ಕಾಯಿಲೆ ಬಂದಿದೆ, ಅದು ಒಂದು. ಅದನ್ನು ಬೇರೆ ರೂಪಕ್ಕೆ ತರಬೇಕು ಎನ್ನುವುದು ಇನ್ನೊಂದು. ಕಾಯಿಲೆ ಏನೆಂದು ತಿಳಿಯದೆ ರೂಪ ಬದಲಿಸಲು ಹೊರಟರೆ ಎರಡೂ ಕೆಡುತ್ತವೆ. ನನ್ನ ಅಂದಾಜು ಹೇಳಿಬಿಡುತ್ತೇನೆ: ನೀವು ಬರೆದ ನಾಲ್ಕು ದೋಷಗಳಲ್ಲಿ ಮೂರಕ್ಕೆ ಕಾರಣ ಮರ. ಕಬ್ಬಿಣ ಬಹುಶಃ ಚೆನ್ನಾಗಿಯೇ ಇದೆ.

ಲೇತ್‌ನ ವಿಷಯ ಮೊದಲು ಮುಗಿಸುತ್ತೇನೆ. ನಮ್ಮ ಕರಾವಳಿಯ ಲೇತ್‌ನವರ ಕೈಗೆ ನಾನು ಗೌರವ ಕೊಡುವವನು. ಮಲ್ಪೆಯ ಬೋಟಿನ ಶಾಫ್ಟನ್ನು ಅವರು ಕೂರಿಸುವ ನಾಜೂಕು ಕಂಡಿದ್ದೇನೆ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಕೋವಿ ತಯಾರಿಸುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ ಪರೀಕ್ಷಿಸುವುದಕ್ಕೂ ಲೈಸನ್ಸ್ ಬೇಕು ಎನ್ನುತ್ತದೆ. ನಳಿಗೆ ಗಿಡ್ಡ ಮಾಡುವುದು 6ನೇ ಕಲಮಿಗೆ ಬರುತ್ತದೆ, ಅದಕ್ಕೆ ಬೇರೆಯೇ ಲೈಸನ್ಸ್. ಇವೆರಡನ್ನು ಮೀರಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಇದು ಮಾಡಿದವರಿಗೆ. ಕೊಟ್ಟವರೂ ಪಾರಾಗುವುದಿಲ್ಲ. ಪಡೆಯುವವರಿಗೆ ಕಾನೂನಿನ ಅಧಿಕಾರ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳದೆ ಕೋವಿಯನ್ನು ಇನ್ನೊಬ್ಬರ ಕೈಗೆ ಕೊಡುವುದು 29ನೇ ಕಲಮಿನ ಪ್ರಕಾರ ಅಪರಾಧ. ನೆಂಟರು ಪ್ರೀತಿಯಿಂದ ಹೇಳಿದ್ದಾರೆ, ನಿಜ. ಆ ಪ್ರೀತಿಗೆ ನೀವು ಕೊಡಬಹುದಾದ ಮರ್ಯಾದೆ ಎಂದರೆ ಅವರನ್ನು ಇದರಿಂದ ದೂರ ಇಡುವುದು.

ಕೊಡಗಿನ ಮಾತು. ಕೊಡವ ಜನಾಂಗದವರಿಗೂ ಜಮ್ಮಾ ಎಂಬ ಹಳೆಯ ಭೂಹಿಡುವಳಿ ಇರುವವರಿಗೂ ಲೈಸನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಅದನ್ನು ಕೇಳಿದ ಕೆಲವರು ಕೊಡಗಿನಲ್ಲಿ ಕೋವಿಯ ಕೆಲಸಕ್ಕೇ ಕಾಗದಪತ್ರ ಬೇಡ ಎಂದುಕೊಂಡಿದ್ದಾರೆ. ಹಾಗಿಲ್ಲ. ಆ ವಿನಾಯಿತಿ ಅವರು ತಮ್ಮ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ. ನಿಮ್ಮ ರೈಫಲ್ ಅಲ್ಲಿಗೆ ಹೋದರೂ ಉಡುಪಿ ಜಿಲ್ಲೆಯ ಲೈಸನ್ಸ್‌ನ ರೈಫಲ್ ಆಗಿಯೇ ಇರುತ್ತದೆ, ಅದನ್ನು ಬಿಚ್ಚುವವರಿಗೆ ರಿಪೇರಿ ಲೈಸನ್ಸ್ ಬೇಕೇ ಬೇಕು. ಅಂಥ ಅಂಗಡಿ ಅಲ್ಲಿ ಸಿಕ್ಕಿ, ಕೆಲಸ ಒಳ್ಳೆಯದೆಂದು ಗೊತ್ತಾದರೆ ಧಾರಾಳವಾಗಿ ಹೋಗಿ.

ಹೋಗುವ ಮೊದಲು ನಿಮ್ಮ ಲೈಸನ್ಸ್ ಪುಸ್ತಕ ತೆರೆದು ಒಂದು ಸಾಲು ಓದಿ: ಅದು ಯಾವ ಪ್ರದೇಶಕ್ಕೆ ಊರ್ಜಿತ? ಜಿಲ್ಲೆಗೆ ಮಾತ್ರ ಎಂದಿದ್ದರೆ ಮಂಗಳೂರಿಗೆ ಒಯ್ಯುವುದಕ್ಕೂ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲು ಕೇಳಬೇಕು. ನಿಮಗೆ ಹೋಗಲು ಆಗದಿದ್ದರೆ ರಿಪೇರಿಗೆಂದು ನಿಮ್ಮ ಲಿಖಿತ ಅಧಿಕಾರ ಪತ್ರ ಹಿಡಿದು ಇನ್ನೊಬ್ಬರು ಒಯ್ಯಲು ಕಾಯ್ದೆಯ 3ನೇ ಕಲಂ ಅವಕಾಶ ಕೊಡುತ್ತದೆ. ಆದರೆ ನೀವೇ ಹೋಗಿ, ಕಾರಣ ಆಮೇಲೆ ಹೇಳುತ್ತೇನೆ. ಬಸ್ಸಿನ ಪಾರ್ಸೆಲ್, ಕೊರಿಯರ್ ಎರಡೂ ಬೇಡ.

ಹೆಬ್ರಿಯವರಾದ್ದರಿಂದ ಇನ್ನೊಂದು ವಿಷಯ. ಆಗುಂಬೆ ಘಾಟಿಯ ರಸ್ತೆ ಸೋಮೇಶ್ವರ ಅಭಯಾರಣ್ಯದೊಳಗಿಂದ ಹೋಗುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯಕ್ಕೆ ಕಾಲಿಡುವಂತಿಲ್ಲ, ಕೈಯಲ್ಲಿ ಕೋವಿಯ ಲೈಸನ್ಸ್ ಇದ್ದರೂ. ಶಿವಮೊಗ್ಗದ ಕಡೆ ಹೋಗುವುದಿದ್ದರೆ ಬೇರೆ ದಾರಿ ಹಿಡಿಯಿರಿ, ಇಲ್ಲವೇ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಅದೇ ಕಾಯ್ದೆಯ 34ನೇ ಕಲಂ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸವಿರುವ ಲೈಸನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು ಎನ್ನುತ್ತದೆ. ಅಪ್ಪನ ಹೆಸರು ಇದ್ದಿರಬಹುದು. ನಿಮ್ಮದು ಆಗಿದೆಯೇ ನೋಡಿ. ಹೆಚ್ಚಿನವರು ಇದನ್ನು ಮರೆತಿರುತ್ತಾರೆ.

ಈಗ ಕಾಯಿಲೆಗೆ ಬರುತ್ತೇನೆ. .315 ಎಂದರೆ 8 ಮಿಲಿಮೀಟರ್. ಆ ತೋಟೆಯ ಮೂಲ ಆಸ್ಟ್ರಿಯಾ-ಹಂಗೇರಿ ಸೇನೆಯ ಮ್ಯಾನ್ಲಿಕರ್ ತೋಟೆ. ಸೇನೆಯ .303 ತೋಟೆ ನಾಗರಿಕರ ರೈಫಲ್‌ಗೆ ಆಗಬಾರದು ಎಂಬ ಕಾರಣಕ್ಕೆ ಭಾರತದಲ್ಲಿ ಇದು ಬಳಕೆಗೆ ಬಂತು. ರೈಫಲ್‌ನ ಎಲುಬು ಮಾತ್ರ ಬ್ರಿಟಿಷ್ ಸೇನೆಯ ಹಳೆಯ ರೈಫಲ್ ಲೀ-ಎನ್‌ಫೀಲ್ಡ್‌ನದ್ದೇ. ಇದರಲ್ಲಿ ಮರ ಎರಡು ತುಂಡು. ಹಿಂಬದಿಯದು ಬೇರೆ, ನಳಿಗೆಯ ಕೆಳಗಿನ ಮುಂಬದಿಯದು ಬೇರೆ. ಹೊಡೆದಾಗ ಬರುವ ಒದೆತವನ್ನು ತಡೆಯುವುದು ಮುಂಬದಿ ಮರದ ಹಿಂತುದಿಯಲ್ಲಿರುವ, ಹೆಗಲಿನಂಥ ಎರಡು ಪುಟ್ಟ ಜಾಗಗಳು. ಅವು ಕಬ್ಬಿಣಕ್ಕೆ ಗಟ್ಟಿಯಾಗಿ, ಎರಡೂ ಕಡೆ ಸಮವಾಗಿ ಒತ್ತಿಕೊಂಡಿರಬೇಕು. ಒಂದು ಹೆಗಲು ಸವೆದರೆ ಅಥವಾ ಮೆತ್ತಗಾದರೆ ಪ್ರತಿ ಈಡಿಗೂ ಕಬ್ಬಿಣ ಒಂದು ಕೂದಲಿನಷ್ಟು ಬೇರೆ ಜಾಗದಲ್ಲಿ ಕೂರುತ್ತದೆ. ಗುಂಡು ಚೆಲ್ಲಾಪಿಲ್ಲಿ ಬೀಳುವುದು ಹಾಗೆ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮನೆಯ ಬಾಗಿಲು ಆಟಿ ತಿಂಗಳ ಮಳೆಯಲ್ಲಿ ದಾರಂದಕ್ಕೆ ಸಿಕ್ಕಿಕೊಳ್ಳುತ್ತದಲ್ಲ, ರೈಫಲ್‌ನ ಮರವೂ ಹಾಗೆಯೇ ಉಬ್ಬುತ್ತದೆ. ಉಬ್ಬಿದ ಮರ ಒಂದು ಬದಿಯಿಂದ ನಳಿಗೆಯನ್ನು ನೂಕುತ್ತದೆ, ಗುಂಡು ಇನ್ನೊಂದು ಬದಿಗೆ ಹೋಗುತ್ತದೆ. ಮಾರ್ಚ್‌ನಲ್ಲಿ ಸರಿ, ಆಗಸ್ಟ್‌ನಲ್ಲಿ ಒಂದು ಗೇಣು ಬಲಕ್ಕೆ ಎಂದು ನೀವು ಬರೆದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತು. ನಳಿಗೆ ಹಾಳಾಗಿದ್ದರೆ ಅದು ಮಾರ್ಚ್‌ನಲ್ಲೂ ಹಾಳಾಗಿಯೇ ಇರುತ್ತಿತ್ತು.

ಟ್ರಿಗರ್ ಭಾರವಾದದ್ದೂ ಇದೇ ಸಂಸಾರದ ದೂರು. ಲೀ-ಎನ್‌ಫೀಲ್ಡ್‌ನ ನಂಬರ್ 1 ಮಾದರಿಯಲ್ಲಿ ಟ್ರಿಗರ್ ಕೂತಿರುವುದು ಕೆಳಗಿನ ಗಾರ್ಡಿನ (ಟ್ರಿಗರನ್ನು ಸುತ್ತುವ ಕಬ್ಬಿಣದ ಬಳೆ) ಮೇಲೆ, ಅದು ಒತ್ತಬೇಕಾದ ಸಿಯರ್ ಎಂಬ ಕೊಕ್ಕೆ ಇರುವುದು ಮೇಲಿನ ಕಬ್ಬಿಣದಲ್ಲಿ. ನಡುವೆ ಮರ. ಮರ ಉಬ್ಬಿದರೆ ಟ್ರಿಗರ್ ಕೊಕ್ಕೆಯಿಂದ ದೂರ ಸರಿಯುತ್ತದೆ, ಎಳೆತದ ಹದ ಬದಲಾಗುತ್ತದೆ. ಮಳೆಗಾಲದಲ್ಲಿ ಭಾರವಾಯಿತೆಂದು ಯಾರೋ ಅದನ್ನು ಅರದಿಂದ ಉಜ್ಜಿ ಹಗುರ ಮಾಡಿಕೊಟ್ಟರು ಎಂದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಮರ ಒಣಗಿ ಕುಗ್ಗಿದಾಗ ಅದೇ ಟ್ರಿಗರ್ ಮುಟ್ಟಿದರೆ ಬೀಳುವ ಹಾಗಾಗುತ್ತದೆ. ನಾನು ಅಂಗಡಿಯಲ್ಲಿದ್ದಾಗ ಹೀಗೆ ಲೇತ್ ಕೆಲಸದವರೊಬ್ಬರು ಉಜ್ಜಿದ ರೈಫಲ್ ಬಂದಿತ್ತು. ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ಬೋಲ್ಟ್ ಎಳೆದು ಮುಚ್ಚಿ, ಹಿಂಬದಿಯನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟಿದೆ. ಟಕ್ ಎಂದು ಕುದುರೆ, ಅಂದರೆ ತೋಟೆಗೆ ಬಡಿಯುವ ಭಾಗ, ಬಿತ್ತು, ಟ್ರಿಗರ್ ಹತ್ತಿರ ನನ್ನ ಬೆರಳೇ ಇರಲಿಲ್ಲ. ತಂದವರು ಅದೇ ರೈಫಲನ್ನು ವಾರವಿಡೀ ಜೀಪಿನಲ್ಲಿ, ಪಕ್ಕದ ಸೀಟಿನಲ್ಲಿ ಇಟ್ಟುಕೊಂಡು ತಿರುಗಿದ್ದರು. ಆ ಸದ್ದು ನನಗೆ ಇನ್ನೂ ನೆನಪಿದೆ.

ಬಿರುಕಿಗೆ ಇನ್ನೊಂದು ಕಾರಣ ಇರಬಹುದು: ಎಣ್ಣೆ. ತುಕ್ಕು ಹಿಡಿಯಬಾರದೆಂದು ಜನ ಧಾರೆಯಾಗಿ ಎಣ್ಣೆ ಹೊಯ್ದು ರೈಫಲನ್ನು ನಳಿಗೆ ಮೇಲಾಗಿ ನಿಲ್ಲಿಸುತ್ತಾರೆ. ಎಣ್ಣೆ ಇಳಿದು ಇಳಿದು ಹಿಂಬದಿ ಮರದ ಕತ್ತಿನಲ್ಲಿ ಕೂರುತ್ತದೆ. ವರ್ಷಗಟ್ಟಲೆ ಎಣ್ಣೆ ಕುಡಿದ ಮರ ಕಪ್ಪಾಗಿ ಮೆತ್ತಗಾಗುತ್ತದೆ, ಒದೆತಕ್ಕೆ ಸೀಳುತ್ತದೆ. ಬಿರುಕಿನ ಸುತ್ತ ಬಣ್ಣ ಕಪ್ಪಾಗಿದೆಯೇ ನೋಡಿ. ಕಪ್ಪಾಗಿದ್ದರೆ ಅಂಟು ಹಿಡಿಯುವುದಿಲ್ಲ, ಮೊದಲು ಎಣ್ಣೆ ಹೊರಗೆ ತೆಗೆಯಬೇಕು. ತೆಳ್ಳಗೆ ಒರೆಸಿದ ಎಣ್ಣೆ ಸಾಕು, ನಳಿಗೆ ಕೆಳಗಾಗಿ ಇಟ್ಟರೆ ಇನ್ನೂ ಒಳ್ಳೆಯದು. ಚರ್ಮದ ಚೀಲದಲ್ಲಿ ಮಳೆಗಾಲ ಕಳೆಯುವುದಂತೂ ಬೇಡವೇ ಬೇಡ, ಅದು ಗಾಳಿಯ ನೀರನ್ನೆಲ್ಲ ಹೀರಿ ಕಬ್ಬಿಣಕ್ಕೆ ಕೊಡುತ್ತದೆ.

ಬೋಲ್ಟ್ ಬಿಗಿಯಾದದ್ದನ್ನು ಮಾತ್ರ ನಾನು ಪತ್ರ ನೋಡಿ ಹೇಳಲಾರೆ. ಹಳೆಯ ಗ್ರೀಸ್ ಒಣಗಿ ಅಂಟಾಗಿರಬಹುದು, ಅದು ಅರ್ಧ ಗಂಟೆಯ ಕೆಲಸ. ತೋಟೆ ಕೂರುವ ಗೂಡಿನಲ್ಲಿ ತುಕ್ಕು ಎದ್ದಿರಬಹುದು. ಠೇವಣಿಯಲ್ಲಿದ್ದಾಗ ಎರಡು ರೈಫಲ್‌ಗಳ ಬೋಲ್ಟ್ ಅದಲುಬದಲಾಗಿರಲೂಬಹುದು, ಇದು ಗಂಭೀರ. ಲೀ-ಎನ್‌ಫೀಲ್ಡ್ ಜಾತಿಯಲ್ಲಿ ಒಂದೊಂದು ಬೋಲ್ಟನ್ನೂ ಅದರದೇ ರೈಫಲ್‌ಗೆ ಹೊಂದಿಸಿ ಕೂರಿಸಿರುತ್ತಾರೆ. ಬೋಲ್ಟ್ ಹಿಡಿಯ ಮೇಲಿನ ನಂಬರು ರೈಫಲ್‌ನ ನಂಬರಿಗೆ ಸರಿಹೋಗುತ್ತದೆಯೇ ಎಂದು ನೀವೇ ಈಗಲೇ ನೋಡಬಹುದು. ಸರಿಹೋಗದಿದ್ದರೆ ಠೇವಣಿ ಇಟ್ಟಿದ್ದ ಕಡೆಗೆ ಲಿಖಿತವಾಗಿ ತಿಳಿಸಿ, ಅಳತೆ ನೋಡಿಸದೆ ಮುಟ್ಟಬೇಡಿ. ನಂಬರಿನ ಮೇಲೆ ತುಕ್ಕು ಇದ್ದರೆ ಉಪ್ಪುಕಾಗದದಿಂದ ತಿಕ್ಕಬೇಡಿ. ಗುರುತಿನ ಸಂಖ್ಯೆ ಅಳಿಸುವುದು ತಾನೇ ಒಂದು ಅಪರಾಧ.

ನಿಮ್ಮ ಆಸೆಗಳ ಪಟ್ಟಿಯನ್ನು ಈಗ ನೋಡುವ.

ನಳಿಗೆ ಗಿಡ್ಡ ಮಾಡುವುದು ಬೇಡ. ಕಾನೂನು ಮೇಲೆ ಹೇಳಿದೆ. ಕೆಲಸದ ದೃಷ್ಟಿಯಿಂದಲೂ ಅದು ನಷ್ಟ. ಗುಂಡು ಹೊರಬೀಳುವ ಬಾಯಿಯ ಅಂಚು ಕೂದಲಿನಷ್ಟು ಓರೆಯಾದರೂ ಹಿಂದಿನಿಂದ ನುಗ್ಗುವ ಗಾಳಿ ಗುಂಡನ್ನು ಒಂದು ಕಡೆಗೆ ತಳ್ಳುತ್ತದೆ. ನಳಿಗೆಯ ಮುಂತುದಿಯಲ್ಲಿ ಗುರಿ ಹಿಡಿಯಲು ಇರುವ ಗುರಿಕಾಯಿಯನ್ನೂ ಮತ್ತೆ ಕೂರಿಸಬೇಕಾಗುತ್ತದೆ.

ದುರ್ಬೀನು ಕಾನೂನಿಗೆ ವಿರುದ್ಧವಲ್ಲ, ಆದರೆ ಈ ರೈಫಲ್‌ಗೆ ಅದು ಸಹಜವಾಗಿ ಹೊಂದುವುದಿಲ್ಲ. ಮೇಲಿನ ಕಬ್ಬಿಣ ಹದ ಕೊಟ್ಟ ಉಕ್ಕು. ಅದರಲ್ಲಿ ತೂತು ಕೊರೆದು ಸ್ಕ್ರೂವಿನ ಮರೆ ಹಾಕುವುದು ಒಮ್ಮೆ ತಪ್ಪಿದರೆ ತಿದ್ದಲಾಗದ ಕೆಲಸ. ಹಿಂಬದಿ ಮರದ ಎತ್ತರ ಕಬ್ಬಿಣದ ಗುರಿಕಾಯಿಗೆ ಅಳತೆ ಮಾಡಿದ್ದು, ದುರ್ಬೀನು ಇಟ್ಟರೆ ಕೆನ್ನೆ ಮರಕ್ಕೆ ತಾಗದೆ ತಲೆ ಗಾಳಿಯಲ್ಲಿ ತೇಲುತ್ತದೆ. ನೀವು 50 ಮೀಟರ್‌ನಲ್ಲಿ ಹೊಡೆಯುವವರು. ಅಷ್ಟು ದೂರಕ್ಕೆ ಅಪ್ಪನ ಕಣ್ಣಿಗೆ ಸಾಕಾಗಿದ್ದ ಗುರಿಕಾಯಿ ನಿಮಗೂ ಸಾಕು ಎಂದು ನನ್ನ ಅಭಿಪ್ರಾಯ.

ಟ್ರಿಗರ್ ಬಗ್ಗೆ: ಸೇನೆಯ ಲೀ-ಎನ್‌ಫೀಲ್ಡ್‌ನಲ್ಲಿ ಎಳೆತ ಎರಡು ಹಂತ. ಮೊದಲನೆಯದು 3ರಿಂದ 4 ಪೌಂಡ್, ಎರಡನೆಯದು 5ರಿಂದ 6 ಪೌಂಡ್. ಇದು ದೋಷವಲ್ಲ, ಹಾಗೆಂದೇ ಮಾಡಿದ್ದು. ಮರ ಸರಿಯಾದ ಮೇಲೆ ತೂಕ ಅಳೆದು ನೋಡಿ. ಆಗಲೂ ಒರಟು ಅನ್ನಿಸಿದರೆ ತಾಗುವ ಮುಖಗಳನ್ನು ನುಣುಪು ಮಾಡಬಹುದು, ಕೋನ ಬದಲಿಸಬಾರದು. ಸಿಯರ್‌ನ ಗಟ್ಟಿ ಪದರ ತೆಳು, ಅದನ್ನು ಉಜ್ಜಿ ತೆಗೆದರೆ ಒಳಗಿನ ಮೆದು ಉಕ್ಕು ಕೆಲವೇ ಈಡುಗಳಲ್ಲಿ ಸವೆಯುತ್ತದೆ.

ಬೀಟೆ ಹಲಗೆಗೆ ನಿಮ್ಮ ಮನಸ್ಸು ಅಂಟಿದೆ ಎಂದು ಪತ್ರದಲ್ಲೇ ಗೊತ್ತಾಗುತ್ತದೆ. ಬೀಟೆ ಚೆಂದದ ಮರ. ಕುರ್ಚಿಗೆ, ಪೆಟ್ಟಿಗೆಗೆ ಅದನ್ನು ಮೀರಿಸುವ ಮರ ಇಲ್ಲ. ಆದರೆ ಅದು ಭಾರ, ತೆಳುವಾದ ಕಡೆ ಸಿಡಿಯುತ್ತದೆ, ಒಳಗಿನ ಸಹಜ ಎಣ್ಣೆಯಿಂದ ಅಂಟು ಸರಿಯಾಗಿ ಕೂರುವುದಿಲ್ಲ. ಲೋಕದಾದ್ಯಂತ ರೈಫಲ್‌ಗೆ ಅಕ್ರೋಟ ಮರವನ್ನು ಆರಿಸಿದ್ದು ಅದು ಹಗುರ, ಒದೆತ ತಾಳುತ್ತದೆ, ಹವೆ ಬದಲಾದಾಗ ಹೆಚ್ಚು ತಿರುಚುವುದಿಲ್ಲ ಎಂಬ ಕಾರಣಕ್ಕೆ. ಯಾವ ಮರವಾದರೂ ಎಳೆಗಳು ಕತ್ತಿನ ಉದ್ದಕ್ಕೂ ನೇರವಾಗಿ ಓಡಬೇಕು. ಅಡ್ಡ ಓಡಿದರೆ ಒದೆತ ಅದನ್ನು ಸೌದೆಯ ಹಾಗೆ ಸೀಳುತ್ತದೆ. ಅಟ್ಟದ ಹಲಗೆ ಸಾಮಾನ್ಯವಾಗಿ ಒಂದು ಇಂಚಿನ ಆಸುಪಾಸು, ಹಿಂಬದಿಗೆ ಸುಮಾರು ಎರಡು ಇಂಚಿನ ದಪ್ಪ ಬೇಕು. ಅದರಲ್ಲಿ ರೈಫಲ್ ಇಡುವ ಪೆಟ್ಟಿಗೆ ಮಾಡಿಸಿ, ಅದಕ್ಕೆ ಬಡಗಿ ಸಾಕು, ಲೈಸನ್ಸೂ ಬೇಡ.

ಹೊಸ ಮರ ಮಾಡಿಸುವುದೇ ಆದರೆ ಅದು ಎಲ್ಲಿ ಒಣಗಿದ್ದು ಎಂದು ಕೇಳಿ. ಬೆಂಗಳೂರಿನ ಒಣ ಹವೆಯಲ್ಲಿ ಕೂದಲು ನುಸುಳದ ಹಾಗೆ ಕೂರಿಸಿದ ಮರ ಘಟ್ಟ ಇಳಿದು ಒಂದು ಮಳೆಗಾಲ ಕಳೆದರೆ ಉಬ್ಬುತ್ತದೆ. ಮರವನ್ನು ಕೆಲವು ವಾರ ನಮ್ಮ ಊರಿನ ಹವೆಯಲ್ಲಿ ಇಟ್ಟು, ಕೊನೆಯ ಹೊಂದಾಣಿಕೆ ಆಮೇಲೆ ಮಾಡಿ, ಒಳಮೈಗೂ ಕತ್ತರಿಸಿದ ತುದಿಗಳಿಗೂ ಎಣ್ಣೆ ಅಥವಾ ವಾರ್ನಿಷ್ ಕುಡಿಸಬೇಕು. ಹೆಚ್ಚಿನವರು ಹೊರಗಡೆ ಮಿಂಚುವ ಹಾಗೆ ಪಾಲಿಶ್ ಮಾಡಿ ಒಳಗಡೆ ಹಸಿಯಾಗಿ ಬಿಡುತ್ತಾರೆ. ನೀರು ಹೋಗುವುದು ಅಲ್ಲಿಂದಲೇ.

ಇಂಟರ್ನೆಟ್ಟಿನಲ್ಲಿ ನೋಡಿದವರು ನಳಿಗೆಗೆ ಮರ ಎಲ್ಲಿಯೂ ತಾಗಬಾರದು, ಕಾಗದ ತೂರಿಸಿ ನೋಡಿ ಎನ್ನುತ್ತಾರೆ. ಬೇರೆ ಜಾತಿಯ ರೈಫಲ್‌ಗೆ ಅದು ಸರಿ. ಲೀ-ಎನ್‌ಫೀಲ್ಡ್‌ನಲ್ಲಿ ಮರ ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದಕ್ಕೆ ಅದರದೇ ಲೆಕ್ಕ ಇದೆ. ಎಲ್ಲವನ್ನೂ ಕೆರೆದು ಸಡಿಲ ಮಾಡಿದ ಮರವನ್ನು ಮತ್ತೆ ತುಂಬಿಸುವುದು ಬಹಳ ಕಷ್ಟ.

ಅಂದ ಮೇಲೆ ಯಾರ ಹತ್ತಿರ ಹೋಗುವುದು? ಹುಡುಕುವ ಕಡೆಗಳು ಹೆಚ್ಚಿಲ್ಲ. ಮಂಗಳೂರು, ಉಡುಪಿಯ ಲೈಸನ್ಸ್ ಇರುವ ಅಂಗಡಿಗಳು ಮೊದಲು. ಮಾರಾಟದ ಲೈಸನ್ಸ್ ಇದ್ದ ಮಾತ್ರಕ್ಕೆ ರಿಪೇರಿಯ ಅನುಮತಿ ಇದೆ ಎಂದಲ್ಲ, ಅದನ್ನು ಬಾಯಿಬಿಟ್ಟು ಕೇಳಿ. ಸಂಶಯ ಬಂದರೆ ಉಡುಪಿಯಲ್ಲಿ ಜಿಲ್ಲಾಧಿಕಾರಿ ಕಚೇರಿ, ಮಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ವಿಚಾರಿಸಬಹುದು. ಅಂಗಡಿಗೆ ಲೈಸನ್ಸ್ ಇದ್ದರೂ ಕೈಯಾರೆ ಕೆಲಸ ಮಾಡುವವರು ಯಾರು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ರೈಫಲ್ ಕ್ಲಬ್ಬಿನ ಹಳಬರಲ್ಲಿ, ಕೋಚ್‌ಗಳಲ್ಲಿ, ನಿವೃತ್ತ ಸೈನಿಕರಲ್ಲಿ ಇರುತ್ತದೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆರ್ಮರರ್‌ಗಳಿಗೆ ಈ ಜಾತಿಯ ರೈಫಲ್ ಚೆನ್ನಾಗಿ ಗೊತ್ತು. ಅವರು ಖಾಸಗಿಯಾಗಿ ರಿಪೇರಿ ಮಾಡುವಂತಿಲ್ಲ, ಆದರೆ ಯಾರ ಕೈ ಒಳ್ಳೆಯದು ಎಂದು ಹೇಳಬಲ್ಲರು. ಇಲ್ಲಿ ಯಾರೂ ಸಿಗದಿದ್ದರೆ ಬೆಂಗಳೂರು.

ನೀವೇ ಹೋಗಿ ಎಂದದ್ದು ಇದಕ್ಕೆ: ಮೊದಲ ಹತ್ತು ನಿಮಿಷ ಅವರ ಕೈ ನೋಡಬೇಕು. ಮಾತು ಆರಂಭವಾಗುವ ಮೊದಲೇ ಬೋಲ್ಟ್ ತೆರೆದು, ಬೆರಳು ಹಾಕಿ, ಖಾಲಿ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆಯೇ? ಲೈಸನ್ಸ್ ಕೇಳಿ ನಂಬರು ಹೋಲಿಸುತ್ತಾರೆಯೇ? ನಳಿಗೆಯೊಳಗೆ ಬೆಳಕು ಬಿಟ್ಟು ಎರಡೂ ಕಡೆಯಿಂದ ನೋಡುತ್ತಾರೆಯೇ? ತಿಂಗಳುಗಟ್ಟಲೆ ನಿಂತ ಕೋವಿಯ ಬಾಯಲ್ಲಿ ಕುಂಬಾರ ಕಣಜ ಮಣ್ಣಿನ ಗೂಡು ಕಟ್ಟಿರುವುದನ್ನು ನಾನು ಕಂಡಿದ್ದೇನೆ, ನೋಡದೆ ಹೊಡೆದರೆ ನಳಿಗೆ ಸೀಳಿ ಹೋಗುತ್ತದೆ. ಎಷ್ಟು ತೋಟೆ ಹೊಡೆದಿರಿ, ಯಾವ ತಿಂಗಳು, ಗುಂಡು ಎಲ್ಲಿ ಬಿತ್ತು ಎಂದು ಕೇಳುತ್ತಾರೆಯೇ? ಮೊದಲೇ ದರ ಹೇಳುವವರಿಗಿಂತ ಪ್ರಶ್ನೆ ಕೇಳುವವರು ಮೇಲು.

ಆಮೇಲೆ ಅವರು ಬಿಚ್ಚುವ ಮೊದಲ ಸ್ಕ್ರೂ ನೋಡಿ. ಹಳೆಯ ಲೀ-ಎನ್‌ಫೀಲ್ಡ್‌ನಲ್ಲಿ ಹಿಂಬದಿ ಮರವನ್ನು ಹಿಡಿದಿರುವ, ತೋಟೆಯ ಹಿಂದೆ ಮುಚ್ಚುವ ಬೋಲ್ಟ್ ಅಲ್ಲದ, ಉದ್ದನೆಯ ತಿರುಪಿನ ಬೋಲ್ಟ್‌ನ ಚೌಕ ತುದಿ ಮುಂಬದಿ ಮರದೊಳಗಿನ ಒಂದು ತಗಡಿಗೆ ಸಿಕ್ಕಿಕೊಂಡಿರುತ್ತದೆ. ಮುಂಬದಿ ಮರ ತೆಗೆಯದೆ ಹಿಂಬದಿಯ ಬೋಲ್ಟ್ ತಿರುಗಿಸಿದರೆ ಮುಂಬದಿ ಮರ ಸೀಳುತ್ತದೆ. ಹಿಂಬದಿಯಲ್ಲಿ ಬಿರುಕು ಇದೆ ಎಂದ ಕೂಡಲೇ ಉದ್ದ ಸ್ಕ್ರೂಡ್ರೈವರ್ ಹಿಡಿದು ಹಿಂದಿನಿಂದ ಹೊರಟವರಿಗೆ ಈ ರೈಫಲ್ ಗೊತ್ತಿಲ್ಲ ಎಂದರ್ಥ. ನಮಸ್ಕಾರ ಹೇಳಿ ವಾಪಸು ತನ್ನಿ. ಸ್ಕ್ರೂಡ್ರೈವರ್‌ನ ತುದಿ ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರುತ್ತದೆಯೇ ಎನ್ನುವುದನ್ನೂ ನೋಡಿ. ಅವರು ಮುಗಿಸಿಟ್ಟ ಬೇರೆ ಕೋವಿ ಇದ್ದರೆ ಅದರ ಸ್ಕ್ರೂ ತಲೆಗಳು ನಿಮಗೆ ಎಲ್ಲವನ್ನೂ ಹೇಳುತ್ತವೆ, ಕೆತ್ತಿಹೋಗಿದ್ದರೆ ಒಳಗಿನ ಕೆಲಸವೂ ಹಾಗೇ.

ಬೋಲ್ಟ್‌ಗೂ ತೋಟೆಯ ತಳಕ್ಕೂ ನಡುವಿನ ಅಂತರ, ಅಂದರೆ ಹೆಡ್‌ಸ್ಪೇಸ್, ಅಳೆಯಲು ಗೇಜ್ ಇದೆಯೇ ಎಂದು ಕೇಳಿ. ಇಂಚಿನ ಸಾವಿರದ ಲೆಕ್ಕದ ಆ ಅಂತರ ಕಣ್ಣಂದಾಜಿಗೆ ಸಿಗುವುದಿಲ್ಲ. ಗೇಜ್ ಇಲ್ಲ ಎಂದು ಒಪ್ಪಿಕೊಂಡು ಅದಿರುವ ಕಡೆಗೆ ಕಳಿಸುವವರನ್ನು ನಂಬಬಹುದು. ನಿಮ್ಮ ಪಟ್ಟಿಯಲ್ಲಿ ಯಾವುದನ್ನೂ ಬೇಡ ಎನ್ನದೆ ಎಲ್ಲಕ್ಕೂ ತಲೆಯಾಡಿಸುವವರನ್ನು ನಾನು ನಂಬುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳು ಹೀಗೆ. ಶುಚಿ ಮಾಡಿಸಿ, ಅಳತೆ ನೋಡಿಸಿ, ಬಿರುಕಿಗೆ ಅಂಟು, ಸವೆದ ಹೆಗಲುಗಳಿಗೆ ಗಟ್ಟಿ ಮರದ ತೇಪೆ: ಇದು ಕಡಿಮೆ ಖರ್ಚಿನದು, ಅಪ್ಪನ ಮರ ಉಳಿಯುತ್ತದೆ. ಎಣ್ಣೆ ಆಳಕ್ಕೆ ಹೋಗಿದ್ದರೆ ಅಂಟು ಮತ್ತೆ ಬಿಡಬಹುದು, ಆ ಅಪಾಯ ಇದೆ. ನಾನಾದರೆ ಇದನ್ನೇ ಮೊದಲು ಮಾಡಿಸುತ್ತಿದ್ದೆ. ಎರಡನೆಯದು ಹೊಸ ಮರ. ನೋಡಲು ಚೆಂದ, ಆದರೆ ಹೊಂದಿಸುವವರ ಕೈಯ ಮೇಲೆ ಪೂರ್ತಿ ನಿಂತಿದೆ, ಕೆಟ್ಟದಾಗಿ ಕೂತ ಹೊಸ ಮರ ಬಿರುಕು ಬಿಟ್ಟ ಹಳೆಯದಕ್ಕಿಂತ ಕಡೆ. ಹಾಗೆ ಮಾಡಿಸಿದರೂ ಹಳೆಯ ತುಂಡುಗಳನ್ನು ಕೇಳಿ ಪಡೆದು ಇಟ್ಟುಕೊಳ್ಳಿ. ಮೂರನೆಯದು, ದುರ್ಬೀನು, ಹಗುರ ಟ್ರಿಗರ್ ಎಲ್ಲ ನಿಮಗೆ ಬೇಕೇ ಬೇಕು ಎಂದಾದರೆ ಇದನ್ನು ಇದ್ದ ಹಾಗೆ ಬಿಟ್ಟು, ಅದಕ್ಕೆಂದೇ ತಯಾರಾದ .22 ರೈಫಲ್‌ಗೆ ಅರ್ಜಿ ಹಾಕುವುದು. ಗುರಿಯ ಅಭ್ಯಾಸಕ್ಕೆ ಅದು ಎಷ್ಟೋ ಮೇಲು. ಅಳತೆಯಲ್ಲಿ ಹೆಡ್‌ಸ್ಪೇಸ್ ಮಿತಿ ಮೀರಿದೆ, ಗೂಡು ತುಕ್ಕಿನಿಂದ ತಿಂದುಹೋಗಿದೆ ಎಂದು ಬಂದರೆ ಇನ್ನು ಹೊಡೆಯುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಆಗಲೂ ಲೈಸನ್ಸ್ ನವೀಕರಿಸುತ್ತಲೇ ಇರಬೇಕು. ಕೆಟ್ಟ ಕೋವಿಗೂ ಲೈಸನ್ಸ್ ಬೇಕು, ಇಲ್ಲದಿದ್ದರೆ ಒಪ್ಪಿಸಬೇಕು.

ಬಿಟ್ಟು ಬರುವಾಗ ರಸೀದಿ ಪಡೆಯಿರಿ. ರೈಫಲ್‌ನ ನಂಬರು, ಬೋಲ್ಟ್‌ನ ನಂಬರು, ದಿನಾಂಕ, ಏನೇನು ಕೆಲಸ, ಏನು ಮಾಡಬಾರದು ಎಲ್ಲವೂ ಅದರಲ್ಲಿ ಇರಲಿ. ಅವರ ರಿಜಿಸ್ಟರಿನಲ್ಲಿ ನಮೂದಾಗುವುದನ್ನು ಕಣ್ಣಾರೆ ನೋಡಿ. ಮರದ ಕೆಲಸಕ್ಕೆ ಈಗಿನ ಹಸಿಯಲ್ಲಿ ಅವಸರ ಮಾಡಬೇಡಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಕೊಟ್ಟರೆ ಸಾಕು. ಆದರೆ ಬೋಲ್ಟ್ ಮತ್ತು ಗೂಡು ನೋಡಿಸುವುದನ್ನು ಈ ವಾರವೇ ಮಾಡಿ, ತುಕ್ಕು ದೀಪಾವಳಿಗೆ ಕಾಯುವುದಿಲ್ಲ.

ಆಗಸ್ಟ್‌ನಲ್ಲಿ ಹೊಡೆದ ತೋಟೆಗಳ ಖಾಲಿ ಹಿತ್ತಾಳೆ ನಿಮ್ಮಲ್ಲಿ ಇದ್ದರೆ ಒರೆಸದೆ, ತೊಳೆಯದೆ ಹಾಗೆಯೇ ಒಯ್ಯಿರಿ. ತಳದ ಹತ್ತಿರ ಹೊಳೆಯುವ ಬಳೆಯಂಥ ಗೆರೆ ಇದೆಯೇ, ನಡುವಿನ ಕ್ಯಾಪು (ಕಿಡಿ ಹೊತ್ತಿಸುವ ಬಿಲ್ಲೆ) ಹೊರಗೆ ಉಬ್ಬಿದೆಯೇ ಎಂದು ನೋಡಲು ಒಳ್ಳೆಯ ಕೈಯವರು ರೈಫಲ್ ಬಿಚ್ಚುವ ಮೊದಲು ಅದನ್ನೇ ಕೇಳುತ್ತಾರೆ.